ಓಬಳೇಶ ಇಲ್ಲ, ಕರಿಸಿದ್ದಪ್ಪನೂ ಇಲ್ಲ

೧೨ ಜೂನ್ ೧೯೮೩, ಭಾನುವಾರ

ಬೆಳಗಿನ ಜಾವ ಮೂರು ಗಂಟೆ. ಎಬ್ಬಿಸಿದ್ದು ಹಲ್ಲಿ. ಗೋಡೆಯ ಮೇಲೆ ಕೂತು ಲೊಚ್ ಲೊಚ್ ಎಂದಿತು. ನಾವು ಏನಾದರೂ ಯೋಚಿಸುತ್ತಿರುವಾಗ ಹಲ್ಲಿ ನುಡಿದರೆ ಅದು ಖರೆಯಾಗುತ್ತದೆ ಎಂದು ನಮ್ಮತ್ತೆ ನಂಬುತ್ತಾರೆ. ನಾನು ಬಿ.ಎ. ಓದಿದವಳು, ನಂಬುವುದಿಲ್ಲ. ಆದರೂ ಎದ್ದು ಕೂತು, ಅದು ನುಡಿದಾಗ ನಿದ್ದೆಗಣ್ಣಿನಲ್ಲಿ ನಾನು ಏನು ಯೋಚಿಸುತ್ತಿದ್ದೆ ಎಂದು ನೆನಪಿಸಿಕೊಳ್ಳಲು ಬಹಳ ಹೊತ್ತು ಹೆಣಗಿದೆ. ನೆನಪಾಗಲಿಲ್ಲ. ಒಳ್ಳೆಯದನ್ನಂತೂ ಯೋಚಿಸಿರಲಿಕ್ಕಿಲ್ಲ, ಆ ಅಭ್ಯಾಸ ನನಗಿಲ್ಲ.

ಆಮೇಲೆ ಮಗಳು ಶೈಲಾಳ ಎದೆಗೆ ಕಿವಿ ಇಟ್ಟೆ. ಅವಳಿಗೆ ಎಚ್ಚರವಾಯಿತು. ಎಲ್ಲಿ ಅಳುತ್ತಾಳೋ ಎಂದು ಬಾಯಿಗೆ ಬೆಲ್ಲದ ಚೂರು ಇಟ್ಟೆ. ಇವರು ಎದ್ದು, ‘ಏನಾತು?’ ಎಂದರು.

‘ಏನಿಲ್ರಿ, ಹಲ್ಲಿ.’

‘ಹಲ್ಲಿಗೆ ಬೆಲ್ಲ ತಿನಸಾಕತ್ತೀಯೇನು?’ ಎಂದು ಮಗ್ಗುಲು ಬದಲಿಸಿದರು.

ಈ ಡೈರಿ ಬರೆಯಲು ಹೇಳಿದ್ದು ಡಾಕ್ಟರು. ಅವರು ಬೆಂಗಳೂರಿನವರು, ಮಕ್ಕಳ ಹೃದಯದ ತಜ್ಞರು. ತಿಂಗಳ ಮೊದಲ ಭಾನುವಾರ ದಾವಣಗೆರೆಯ ಒಂದು ನರ್ಸಿಂಗ್ ಹೋಮಿಗೆ ಬರುತ್ತಾರೆ. ಮೇ ತಿಂಗಳಲ್ಲಿ ನಾನು ಅವರಿಗೆ ಮೇಲಿಂದ ಮೇಲೆ ಟ್ರಂಕ್ ಕಾಲ್ ಮಾಡಿದ್ದೆ. ಹೋದ ವಾರ ತೋರಿಸಲು ಹೋದಾಗ, ‘ಅಮ್ಮಾ, ಅನುಮಾನ ಬಂದಾಗಲೆಲ್ಲ ಫೋನ್ ಮಾಡೋ ಬದಲು ಒಂದು ಪುಸ್ತಕದಲ್ಲಿ ಬರೆದಿಡಿ’ ಎಂದರು. ಮಗುವಿನ ಊಟ, ಉಸಿರು, ಜ್ವರ ಬರೆಯಲಿ ಎಂಬುದು ಅವರ ಉದ್ದೇಶ. ನಾನು ಹಲ್ಲಿಯಿಂದ ಶುರು ಮಾಡಿದ್ದೇನೆ.

ಶೈಲಾಳ ಹೃದಯದ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತಿದೆ. ಕೆಲವು ತೂತು ತಾವಾಗಿಯೇ ಮುಚ್ಚುತ್ತವೆಯಂತೆ. ಮುಚ್ಚದಿದ್ದರೆ ಎದೆ ತೆರೆದು ಹೊಲಿಯಬೇಕಂತೆ. ಸೆಪ್ಟೆಂಬರಿಗೆ ಅವಳಿಗೆ ನಾಲ್ಕು ತುಂಬುತ್ತದೆ, ಅಷ್ಟರಲ್ಲಿ ಯಾವುದೆಂದು ಗೊತ್ತಾಗಬೇಕು. ಅಷ್ಟರಲ್ಲಿ ನನಗೇನಾಗುತ್ತದೆ ಎಂದು ಯಾರೂ ಹೇಳಿಲ್ಲ. ಹೊಟ್ಟೆಯಲ್ಲಿ ಇನ್ನೊಂದಕ್ಕೆ ಐದು ತಿಂಗಳು.

ಡೈರಿ ಗೊಬ್ಬರದ ಅಂಗಡಿಯವರು ಕೊಟ್ಟಿದ್ದು. ಪ್ರತಿ ಪುಟದ ಕೆಳಗೂ ರೈತರಿಗೆ ಒಂದು ಕಿವಿಮಾತಿದೆ. ಇವತ್ತಿನದು: ‘ಬೇರಿಗೆ ಗಾಳಿಯಾಡಲಿ.’

೧೫ ಜೂನ್, ಬುಧವಾರ

ನಮ್ಮ ಮನೆಯಲ್ಲಿ ಒಂದು ಕಾನೂನಿದೆ: ಶೈಲಾ ಅಳಬಾರದು. ಮಾಡಿದವಳು ನಾನು. ಅತ್ತರೆ ಎದೆಗೆ ಬಿಗಿಯಾಗುತ್ತದೆ, ಬಿಗಿಯಾದರೆ ಹರಿದ ಸೀರೆ ಇನ್ನಷ್ಟು ಹರಿದಂತೆ ತೂತು ಹಿಗ್ಗುತ್ತದೆ. ಇದನ್ನು ಯಾವ ಪುಸ್ತಕದಲ್ಲೂ ಓದಿಲ್ಲ. ಸೀರೆಯಲ್ಲಿ ನೋಡಿದ್ದೇನೆ.

ಕಾನೂನಿನ ಪೂರ್ತಿ ಲಾಭ ಪಡೆಯುತ್ತಿರುವವಳು ಶೈಲಾ. ಈಗ ಅವಳು ಅಳುವುದೇ ಇಲ್ಲ, ‘ಅಳ್ತೀನಿ ನೋಡು’ ಎನ್ನುತ್ತಾಳೆ, ಅಷ್ಟೇ. ಇವತ್ತು ಸಾರು ಕುದಿಯುತ್ತಿದ್ದಾಗ ಉಪ್ಪಿನ ಡಬ್ಬಿ ಹಿಡಿದು ಬಂದಳು.

‘ಅವ್ವಾ, ನಾ ಹಾಕ್ತೀನಿ.’

‘ಹಾಕೇನಿ ಪುಟ್ಟಿ.’

‘ಅಳ್ತೀನಿ ನೋಡು.’

ಹಾಕಿದಳು. ಡಬ್ಬಿ ತುಂಬ.

ಅತ್ತೆ ದುರುಗಮ್ಮ ನಸುಕಿನಲ್ಲೇ ಎದ್ದು ಗಾದಿಲಿಂಗಪ್ಪನವರ ತೋಟಕ್ಕೆ ಮಲ್ಲಿಗೆ ಮೊಗ್ಗು ಬಿಡಿಸಲು ಹೋಗುತ್ತಾರೆ. ಹಸಿದು ಬಂದವರು ಒಂದು ತುತ್ತು ಬಾಯಿಗಿಟ್ಟು ನನ್ನ ಮುಖ ನೋಡಿದರು.

‘ಇದೇನವ್ವ ಹೇಮವ್ವ, ಸಮುದ್ರ ಕಾಸೀಯೇನು?’

‘ಅಳ್ತೀನಿ ಅಂದಳ್ರಿ ಅತ್ತಿ.’

‘ಅಳಲಿ ಬಿಡು. ನಾ ಏಳು ಹಡದೀನಿ. ಅತ್ತ ಕೂಸು ಒಂದೂ ಸತ್ತಿಲ್ಲ. ಅಳಲಾರದ ಕೂಸ ಸತ್ತಾವು, ಎರಡು.’

ಆಮೇಲೆ ಸಾರಿಗೆ ನೀರು ಬೆರೆಸಿಕೊಂಡು ಉಂಡರು. ‘ಅವೈಜ್ಞಾನಿಕ’ ಎಂದುಕೊಂಡೆ. ಮನಸ್ಸಿನಲ್ಲೇ.

೩ ಜುಲೈ, ಭಾನುವಾರ

ದಾವಣಗೆರೆಗೆ ಹೋಗಿ ಬಂದೆವು. ಮೊದಲ ಬಸ್ಸು. ಮೇಲೆ ಮಲ್ಲಿಗೆ ಮೂಟೆ, ಒಳಗೆ ನಾವು. ಹರಪನಹಳ್ಳಿಯವರೆಗೆ ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಬಾಯಿಪಾಠ ಮಾಡಿದೆ. ಹರಪನಹಳ್ಳಿ ದಾಟಿದ ಮೇಲೆ ವಾಂತಿಯಾಯಿತು. ಪ್ರಶ್ನೆಗಳೂ ಅದರ ಜೊತೆಗೇ ಹೋದವು.

ಡಾಕ್ಟರದು ಮಾತು ಕಡಿಮೆ. ‘ಹೂಂ’ ಎನ್ನುತ್ತಾರೆ. ಆ ಹೂಂಕಾರಗಳಿಗೆ ಮನೆಗೆ ಬಂದು ಒಂದು ತಿಂಗಳು ಅರ್ಥ ಹಚ್ಚುವುದು ನನ್ನ ಕೆಲಸ. ಇವತ್ತು ಎದೆ ಕೇಳುವಾಗ ಒಂದು ‘ಹೂಂ’ ಉದ್ದವಾಗಿ ಬಂತು. ನಾನು ಎದ್ದೇ ನಿಂತೆ. ಆಮೇಲೆ ನೋಡಿದರೆ ಅವರಿಗೆ ನೆಗಡಿ.

ಕೇಳುವ ಕೊಳವೆಯ ತುದಿಯನ್ನು ಅವರು ಮೊದಲು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡುತ್ತಾರೆ. ಆಮೇಲೆ ಶೈಲಾಳ ಕಿವಿಗೆ ಸಿಕ್ಕಿಸಿ, ತಮ್ಮ ಎದೆಗೆ ಹಿಡಿದು, ‘ಮೊದಲು ನನ್ನದು ಕೇಳಿ ಹೇಳು’ ಎನ್ನುತ್ತಾರೆ. ಇವತ್ತು ಶೈಲಾ ಕಣ್ಣು ಮುಚ್ಚಿ ಕೇಳಿ, ‘ನಿಂದು ಓಡಾಕತ್ತೈತಿ’ ಎಂದಳು.

‘ಓಡಲಿ ಬಿಡಮ್ಮ, ನಿಂತರೆ ಕಷ್ಟ.’

ನಾನು ಹೆಮ್ಮೆಯಿಂದ ಹೇಳಿದೆ, ‘ಒಂದು ದಿನವೂ ಅಳಗೊಟ್ಟಿಲ್ಲ ಡಾಕ್ಟರ್.’

‘ಯಾಕೆ?’

‘ಅತ್ತರೆ ತೂತು ದೊಡ್ಡದಾಗುತ್ತಲ್ಲ.’

‘ಯಾರು ಹೇಳಿದ್ದು?’

ಇವರ ಮುಖ ನೋಡಿದೆ. ಇವರು ಗೋಡೆಯ ಮೇಲಿನ ಕರೆಂಟು ಮೀಟರು ನೋಡುತ್ತಿದ್ದರು. ಕೆ.ಇ.ಬಿ.ಯಲ್ಲಿ ಮೀಟರ್ ರೀಡರು. ಎಲ್ಲಿ ಹೋದರೂ ಕಣ್ಣು ಅಲ್ಲಿಗೇ.

‘ನಾನೇ ಅಂದುಕೊಂಡೆ.’

‘ಏನು ಓದಿದೀರಿ?’

‘ಬಿ.ಎ., ಇತಿಹಾಸ.’

‘ಹೂಂ.’

ಇದಕ್ಕೆ ಅರ್ಥ ಹಚ್ಚುವ ಅಗತ್ಯವಿರಲಿಲ್ಲ.

‘ಅಮ್ಮಾ, ಅಳೋ ಮಗುವನ್ನ ನೋಡಿ ನಾನು ಹೆದರಲ್ಲ. ಅಳೋದಕ್ಕೂ ಶಕ್ತಿ ಬೇಕು. ಅಳಲಿ, ಓಡಲಿ, ಬೀಳಲಿ. ತುಟಿ ನೀಲಿಯಾದರೆ ಮಾತ್ರ ನನಗೆ ಫೋನ್ ಮಾಡಿ.’

ಅವರು ನನ್ನ ಜೊತೆ ಇಷ್ಟು ಮಾತಾಡಿದ್ದು ಇದೇ ಮೊದಲು. ನಮ್ಮೂರು ಹಡಗಲಿ ಮುಟ್ಟುವ ಹೊತ್ತಿಗೆ ನನ್ನ ತಲೆಯಲ್ಲಿ ಉಳಿದದ್ದು ಕೊನೆಯ ವಾಕ್ಯ ಒಂದೇ.

೯ ಜುಲೈ, ಶನಿವಾರ

ಬರೆಯಲು ನಾಚಿಕೆ. ಆದರೂ ಡಾಕ್ಟರ ಆಜ್ಞೆ.

ಅತ್ತೆ ಮೊಮ್ಮಗಳನ್ನು ಕಟ್ಟಿಕೊಂಡು ಮಾಗಳದ ತಮ್ಮನ ಮನೆಗೆ ಹೋಗಿದ್ದರು. ಸಂಜೆ ಬಂದರು. ಶೈಲಾ ಹೆಗಲ ಮೇಲೆ ಮಲಗಿದ್ದಳು. ಇಳಿಸಿಕೊಳ್ಳಲು ಹೋದೆ. ತುಟಿ ನೀಲಿ.

ಅತ್ತೆ ಏನೋ ಹೇಳುತ್ತಿದ್ದರು. ಕೇಳುವಷ್ಟು ವ್ಯವಧಾನ ಯಾರಿಗಿತ್ತು? ಕೂಸನ್ನು ಕಸಿದುಕೊಂಡು ಓಡಿದೆ. ಆರು ತಿಂಗಳ ಬಸುರಿ, ತಲೆಯ ಮೇಲೆ ಸೆರಗಿಲ್ಲ, ಒಂದು ಕಾಲಿಗೆ ಚಪ್ಪಲಿ ಇಲ್ಲ. ಹಿಂದೆ ಅತ್ತೆ, ‘ಲೇ ಹೇಮವ್ವ, ನಿಂದರಲೇ!’ ಎಂದು ಕೂಗುತ್ತ ಬರುತ್ತಿದ್ದರು. ನಮಗೆ ಹತ್ತಿರದ ಫೋನು ಬಸ್ ಸ್ಟ್ಯಾಂಡಿನ ಪಕ್ಕದ ಗಾದಿಲಿಂಗಪ್ಪನವರ ಹೂವಿನ ಅಂಗಡಿಯದು. ಡಾಕ್ಟರ ಮನೆಗೆ ಲೈಟ್ನಿಂಗ್ ಕಾಲ್ ಹಾಕಿಸಿದೆ. ಸಾವು ನೋವಿಗೆ ಮಾತ್ರ ಜನ ಹಾಕಿಸುವ ಕಾಲ್ ಅದು. ಸುತ್ತ ಹೂವು ಕಟ್ಟುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ಲೈನ್ ಬಂತು.

‘ಡಾಕ್ಟರ್, ತುಟಿ ನೀಲಿಯಾಗಿದೆ!’

‘ನಾಲಿಗೆ?’

ತೆರೆದು ನೋಡಿದೆ. ‘ನಾಲಿಗೆಯೂ ನೀಲಿ ಡಾಕ್ಟರ್!’

‘ಹಲ್ಲು?’

‘ಹಲ್ಲೂ ನೀಲಿ!’

‘ಹಲ್ಲು ನೀಲಿಯಾಗೋ ಹೃದ್ರೋಗ ನಾನು ನೋಡಿಲ್ಲಮ್ಮ. ಏನು ತಿಂದಿದ್ದಾಳೆ ಕೇಳಿ.’

ಅಷ್ಟರಲ್ಲಿ ಅತ್ತೆ ಏದುಸಿರು ಬಿಡುತ್ತ ಬಂದು ಮೆಟ್ಟಿಲ ಮೇಲೆ ಕುಸಿದರು. ‘ನೇರಳಿಹಣ್ಣು ತಿಂದೈತವ್ವಾ ಕೂಸು! ಅದನ್ನ ಹೇಳಾಕ ಈ ವಯಸ್ಸಿನ್ಯಾಗ ನಾ ಕುದುರಿ ಆಗ್ಬೇಕಾತು!’

ಅಂಗಡಿಗೆ ಅಂಗಡಿಯೇ ನಕ್ಕಿತು. ಫೋನಿನಲ್ಲಿ ‘ಹೂಂ’ ಎಂದು ಕೇಳಿಸಿತು. ಈಗ ಅನಿಸುತ್ತಿದೆ, ಅದೂ ನಗುವೇ.

ಗಾದಿಲಿಂಗಪ್ಪನವರು ನೀರು ಕೊಟ್ಟು, ‘ಅಲ್ಲವ್ವಾ, ಒಂದು ಹಣ್ಣಿಗೆ ಲೈಟ್ನಿಂಗ್ ಕಾಲ್ ಹಾಕಸ್ತಾರೇನು? ನಮ್ಮನ್ನ ನೋಡಿ ಕಲಿ’ ಎಂದು ಹೂವಿನವರ ಗುಟ್ಟು ಹೇಳಿದರು. ಟ್ರಂಕ್ ಕಾಲಿನಲ್ಲಿ ಪಿ.ಪಿ. ಎಂದು ಒಂದು ಬಗೆ. ಇಂಥವರೇ ಬೇಕೆಂದು ಹೆಸರು ಹೇಳಿ ಬುಕ್ ಮಾಡಬೇಕು. ಆ ಮನುಷ್ಯ ಇಲ್ಲದಿದ್ದರೆ ಮಾತೂ ಇಲ್ಲ, ಮಾತಿನ ದುಡ್ಡೂ ಇಲ್ಲ. ದಾವಣಗೆರೆ ಪೇಟೆಯವರು ದಿನಾ ಇವರಿಗೆ ಪಿ.ಪಿ. ಹಾಕುತ್ತಾರೆ. ಹನುಮಣ್ಣನನ್ನು ಕೇಳಿದರೆ ದರ ಏರಿದೆ. ದುರುಗಣ್ಣನನ್ನು ಕೇಳಿದರೆ ಇಳಿದಿದೆ. ಹನುಮಣ್ಣನೂ ಇಲ್ಲ, ದುರುಗಣ್ಣನೂ ಇಲ್ಲ; ಹುಟ್ಟಿಯೇ ಇಲ್ಲ.

ನನ್ನೆದುರಿಗೇ ಫೋನು ಬಡಿದುಕೊಂಡಿತು. ಗುಮಾಸ್ತ ಪಕ್ಕೀರಪ್ಪ ಎತ್ತಿ, ‘ಇಲ್ರೀ, ಅಂಥವರು ಯಾರೂ ಇಲ್ಲ’ ಎಂದು ಇಟ್ಟು, ಒಳಗೆ ತಿರುಗಿ ಕೂಗಿದ: ‘ದರ ಏರೈತಿ, ಬಿಗಿ ಕಟ್ಟ್ರಿ!’

ರಾತ್ರಿ ಇವರಿಗೆ ಹೇಳಿದೆ. ‘ಇದು ಸರ್ಕಾರಕ್ಕ ಮೋಸ’ ಎಂದರು. ತಂತಿಗೆ ಕೊಕ್ಕೆ ಹಾಕಿ ಕರೆಂಟು ಕದಿಯುವವರನ್ನು ಹಿಡಿಯುವವರು, ಹಾಗೆ ಹೇಳಲೇಬೇಕು.

೧೮ ಜುಲೈ, ಸೋಮವಾರ

ಹಲ್ಲಿ ಮತ್ತೆ ನುಡಿಯಿತು. ಈ ಸಲ ಯೋಚನೆ ನೆನಪಿದೆ: ಡಬ್ಬಿಯಲ್ಲಿ ಸಾಸಿವೆ ಇಲ್ಲ ಎಂದುಕೊಳ್ಳುತ್ತಿದ್ದೆ. ಎದ್ದು ನೋಡಿದೆ. ಖರೆ, ಇರಲಿಲ್ಲ.

೭ ಆಗಸ್ಟ್, ಭಾನುವಾರ

ಸೆಪ್ಟೆಂಬರ್ ಎಂಟಕ್ಕೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಪರೀಕ್ಷೆ. ತೊಡೆಯ ರಕ್ತನಾಳದಿಂದ ಸಣ್ಣ ನಳಿಗೆ ತೂರಿಸಿ ಹೃದಯದವರೆಗೆ ಒಯ್ದು ನೋಡುತ್ತಾರಂತೆ. ತೂತು ಮುಚ್ಚುತ್ತಿದ್ದರೆ ಬಿಟ್ಟುಬಿಡುವುದು. ಇಲ್ಲದಿದ್ದರೆ ದೀಪಾವಳಿಯೊಳಗೆ ಎದೆ ತೆರೆಯುವುದು.

‘ಪರೀಕ್ಷೆಯಲ್ಲಿ ಏನಾದರೂ…?’ ಎಂದೆ.

ಡಾಕ್ಟರು ಈ ಸಲ ಹೂಂ ಎನ್ನಲಿಲ್ಲ. ‘ಆಗೋದು ಅಪರೂಪ. ಆಗೋದೇ ಇಲ್ಲ ಅಂತ ನಾನು ಹೇಳಲ್ಲ’ ಎಂದರು. ಹೂಂ ಅಂದಿದ್ದರೇ ಚೆನ್ನಾಗಿತ್ತು.

ಆಮೇಲೆ ನನ್ನ ಊದಿದ ಕಾಲು ನೋಡಿ, ರಕ್ತದೊತ್ತಡ ನೋಡಿ, ‘ನೀವು ಬರಕೂಡದು’ ಎಂದರು. ಹಡಗಲಿಯ ಲೇಡಿ ಡಾಕ್ಟರೂ ಅದನ್ನೇ ಹೇಳಿದ್ದರು. ನಾನು ಯಾರಿಗೂ ತಿಳಿಸಿರಲಿಲ್ಲ.

ಮನೆಯಲ್ಲಿ ಜಗಳ. ನಾನೇ ಹೋಗುತ್ತೇನೆ ಎಂದೆ. ಬಸ್ಸಿನಲ್ಲಿ ಹೆತ್ತರೂ ಸರಿ ಎಂದೆ. ಇವರು ಕೂತು ಕಾಲಿನ ಉಗುರು ನೋಡಿಕೊಂಡರು. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು: ‘ನಾ ಹೋಗ್ತೀನಿ, ನನ್ನ ಮಗನ ಕೂಡ. ಬೆಂಗಳೂರೇನು ಮನಷ್ಯಾರನ್ನ ತಿಂತೈತೇನು?’

‘ನಿಮಗ ಡಾಕ್ಟರ ಮಾತು ತಿಳಿಯೂದಿಲ್ರಿ ಅತ್ತಿ.’

‘ನಿನಗ ತಿಳದು ಏನು ಹರದಿ?’

ನಾನು ತಟ್ಟೆ ಕುಕ್ಕಿದೆ. ಶೈಲಾ ಬೆಚ್ಚಿ ನೋಡಿದಳು, ಆಮೇಲೆ ನನ್ನ ಹತ್ತಿರ ಬಂದು ನನ್ನ ಬಾಯಿಗೆ ಬೆಲ್ಲದ ಚೂರು ಇಟ್ಟಳು.

೨೮ ಆಗಸ್ಟ್, ಭಾನುವಾರ

ಉಪಾಯ ಹೊಳೆದದ್ದು ನನಗೇ. ಪಿ.ಪಿ.! ಪರೀಕ್ಷೆ ಮುಗಿದ ಮರುದಿನ ಇವರು ಗಾದಿಲಿಂಗಪ್ಪನವರ ಅಂಗಡಿಗೆ ಪಿ.ಪಿ. ಹಾಕಬೇಕು. ನಾನು ಊದಿದ ಕಾಲಿಟ್ಟುಕೊಂಡು ಅಲ್ಲಿ ಕಾಯುವುದೂ ಬೇಡ. ಯಾರನ್ನು ಕೇಳಿದರು ಎಂದು ಪಕ್ಕೀರಪ್ಪ ಮನೆಗೆ ಬಂದು ಹೇಳಿದರೆ ಸಾಕು. ಸರ್ಕಾರಕ್ಕೆ ಮೋಸ ಎಂದವರು ಎರಡು ನಿಮಿಷ ಯೋಚಿಸಿ, ‘ಯಾವ ಹೆಸರು ಇಡೂಣು?’ ಎಂದರು.

ತೂತು ಮುಚ್ಚುತ್ತಿದೆ ಎಂದಾದರೆ ಓಬಳೇಶ. ಆಪರೇಷನ್ ಬೇಕು ಎಂದಾದರೆ ಕರಿಸಿದ್ದಪ್ಪ. ಎರಡೂ ನಮ್ಮ ಓಣಿಯಲ್ಲಿ ಇಲ್ಲದ ಹೆಸರು. ಯಾರಾದರೂ ‘ನಾನೇರಿ’ ಎಂದು ಫೋನು ಹಿಡಿದರೆ ಕೆಲಸ ಕೆಡುತ್ತದೆ ನೋಡಿ, ಅದಕ್ಕೆ.

ನನ್ನ ಬುದ್ಧಿಗೆ ನಾನೇ ಮೆಚ್ಚಿ ಕೂತಿದ್ದೆ. ಆಗ ಬಾಯಿ ಸುಮ್ಮನಿರಲಿಲ್ಲ: ‘ಎರಡೂ ಅಲ್ಲದಿದ್ರ…?’

ಅತ್ತೆ ಹೇಳಿದರು: ‘ಆ ಹೆಸರು ನಮ್ಮ ಮನ್ಯಾಗ ಇಲ್ಲ.’

ಶೈಲಾ ಒಂದು ತೆಂಗಿನ ಚಿಪ್ಪು ಕಿವಿಗೆ ಹಿಡಿದು ಓಡಾಡುತ್ತಿದ್ದಾಳೆ. ‘ನಾನೂ ಮಾತಾಡ್ತೀನಿ ಫೋನ್ನ್ಯಾಗ. ಹಲೋ, ನಮ್ಮವ್ವ ಅದಾಳೇನ್ರಿ?’ ಎನ್ನುತ್ತಾಳೆ. ಇದರಲ್ಲಿ ಮಾತಾಡಲಿಕ್ಕೆ ಇಲ್ಲ ಪುಟ್ಟಿ, ಬರೀ ಹೆಸರು ಕೇಳಿ ಇಡುವುದು ಎಂದು ತಿಳಿಸಿ ಹೇಳಿದೆ. ಅರ್ಥವಾಗಲಿಲ್ಲ. ‘ಮತ್ತ ಫೋನ್ ಯಾಕ?’ ಎಂದಳು.

೬ ಸೆಪ್ಟೆಂಬರ್, ಮಂಗಳವಾರ

ಹೋದರು.

ಬಸ್ಸಿನ ಕಿಟಕಿಯಲ್ಲಿ ಶೈಲಾ, ಅತ್ತೆಯ ತೊಡೆಯ ಮೇಲೆ. ಅತ್ತೆ ಜೀವಮಾನದಲ್ಲಿ ಮೊದಲ ಸಲ ಕಾಲಿಗೆ ಚಪ್ಪಲಿ ಹಾಕಿದ್ದರು, ಬಸ್ಸು ಹತ್ತಿದ್ದೇ ತೆಗೆದು ಚೀಲದಲ್ಲಿ ಇಟ್ಟುಕೊಂಡರು. ನಾನು ಅವರಿಗೆ ಆಸ್ಪತ್ರೆಯ ಬಗ್ಗೆ ಇನ್ನಷ್ಟು ಹೇಳಲು ಹೋದೆ. ‘ನೀ ಉಣ್ಣು. ಮಕ್ಕೊ. ಹಲ್ಲಿ ಜೋಡಿ ಜಗಳಾಡಬ್ಯಾಡ’ ಎಂದರು. ಹಲ್ಲಿಯ ವಿಷಯ ಅವರಿಗೆ ಹೇಗೆ ಗೊತ್ತೋ.

ಬಸ್ಸು ಅಲುಗಿದಾಗ ಶೈಲಾಳ ಗಲ್ಲ ನಡುಗಿತು. ಕಣ್ಣು ತುಂಬಿತು. ನನ್ನನ್ನು ನೋಡಿ ಕೇಳಿದಳು:

‘ಅಳಂಗಿಲ್ಲ, ಅಲ್ಲವ್ವಾ?’

‘ಹೂಂ’ ಎಂದೆ.

ಅಳಲಿಲ್ಲ. ತುಟಿ ಕಚ್ಚಿಕೊಂಡು ಕೂತಳು. ಎಷ್ಟು ಚೆನ್ನಾಗಿ ಕಲಿಸಿದ್ದೇನೆ.

೮ ಸೆಪ್ಟೆಂಬರ್, ಗುರುವಾರ

ಇವತ್ತು.

ಬಗಲ ಮನೆಯ ದ್ಯಾಮಕ್ಕ ನನಗೆ ಕಾವಲು. ರೊಟ್ಟಿ ತಂದಿದ್ದಳು. ತಿಂದೆನೋ ಇಲ್ಲವೋ.

ಉಪ್ಪಿನ ಡಬ್ಬಿ ಕೈಗೆ ಸಿಗುವಲ್ಲಿ ಕೆಳಗಿಟ್ಟಿದ್ದೇನೆ. ಬಂದ ಮೇಲೆ ಬೇಕಾದಷ್ಟು ಹಾಕಲಿ.

೯ ಸೆಪ್ಟೆಂಬರ್, ಶುಕ್ರವಾರ. ರಾತ್ರಿ, ಹೂವಿನ ಅಂಗಡಿಯಲ್ಲಿ

ಕ್ರಮವಾಗಿ ಬರೆಯಬೇಕು. ಇಲ್ಲದಿದ್ದರೆ ತಲೆ ಕೆಡುತ್ತದೆ.

ಇವತ್ತು ಗೌರಿ ಹಬ್ಬ, ನಾಳೆ ಗಣಪತಿ. ಹೂವಿಗೆ ಬಂಗಾರದ ಬೆಲೆ. ಬೆಳಗಿನಿಂದ ಅಂಗಡಿಯ ಫೋನು ಒಂದೇ ಸಮ ಬಡಿದುಕೊಂಡಿದೆ. ದಾವಣಗೆರೆ, ಹೊಸಪೇಟೆ, ಹುಬ್ಬಳ್ಳಿ, ಎಲ್ಲರೂ ಹನುಮಣ್ಣನನ್ನು ಕೇಳುವವರೇ. ನಾನು ಮನೆಯಲ್ಲಿ ಬಾಗಿಲಿಗೆ ಕಣ್ಣಿಟ್ಟು ಕೂತಿದ್ದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಪಕ್ಕೀರಪ್ಪ ಬಂದ. ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೆ ಟೋಪಿ ಕೈಯಲ್ಲಿ ಹಿಡಿದು ನಿಂತ.

‘ಯಾರನ್ನ ಕೇಳಿದ್ರಣ್ಣಾ? ಓಬಳೇಶನ್ನೋ, ಕರಿಸಿದ್ದಪ್ಪನ್ನೋ?’

‘ಇಬ್ಬರನ್ನೂ ಕೇಳಲಿಲ್ಲ ತಂಗಿ.’

ದ್ಯಾಮಕ್ಕ ಹಿಂದಿನಿಂದ ಹಿಡಿದುಕೊಂಡಳು.

‘ನಿನ್ನನ್ನ ಕೇಳಿದ್ರವ್ವಾ. ಬೆಂಗಳೂರಿಂದ ಪಿ.ಪಿ. ಐತಿ, ಹೇಮಾವತಿ ಅದಾರೇನು ಅಂದ ಎಕ್ಸ್‌ಚೇಂಜಿನಾಂವ. ಮುಂಜಾನಿಯಿಂದ ಹೇಳಿ ಹೇಳಿ ಬಾಯಿ ಅದನ್ನ ಕಲತಬಿಟ್ಟೈತಿ. ಇಲ್ರೀ, ಅಂಥವರು ಯಾರೂ ಇಲ್ಲ ಅಂದೆ. ಇಟ್ಟೆ. ಇಟ್ಟಮ್ಯಾಲ ತಿಳೀತು. ನನ್ನ ಕೆರದಿಂದ ನನಗ ಹೊಡಕೋಬೇಕು.’

ಮತ್ತೆ ಹಾಕಿದರೆ ನಾನೇ ಎತ್ತಬೇಕೆಂದು ಆಗಲೇ ಎದ್ದು ಅಂಗಡಿಗೆ ಬಂದು, ಫೋನಿನ ಪಕ್ಕ ಕೂತು ಇದನ್ನು ಬರೆಯುತ್ತಿದ್ದೇನೆ.